ಕರ್ನಾಟಕದ ರೇಸ್ ಕುದುರೆಗಳು: ತಳಿ, ಓಟ, ನೆನಪು

ರೇಸ್ ಕೋರ್ಸಿನಲ್ಲಿ ಓಡುವ ಥರೋಬ್ರೆಡ್ ಕುದುರೆ ಇಂಗ್ಲೆಂಡಿನಲ್ಲಿ ರೂಪುಗೊಂಡ ತಳಿ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳು ಪೂರ್ವದೇಶಗಳಿಂದ ಅಲ್ಲಿಗೆ ಹೋದವು; ಇಂದಿನ ಪ್ರತಿ ಥರೋಬ್ರೆಡ್‌ನ ಗಂಡುಸಾಲು ಈ ಮೂರರಲ್ಲಿ ಒಂದನ್ನು ಮುಟ್ಟುತ್ತದೆ. 1791ರಲ್ಲಿ ಶುರುವಾದ ಜನರಲ್ ಸ್ಟಡ್ ಬುಕ್ ಈ ತಳಿಯ ವಂಶಾವಳಿಯನ್ನು ಬರೆದಿಡುತ್ತ ಬಂದಿದೆ. ಹೆಸರು ಆ ಪುಸ್ತಕದಲ್ಲೋ ಅದನ್ನು ಒಪ್ಪುವ ಬೇರೆ ದೇಶದ ಪುಸ್ತಕದಲ್ಲೋ ಇರಲೇಬೇಕು. ಇಲ್ಲದಿದ್ದರೆ ಎಷ್ಟು ವೇಗವಾಗಿ ಓಡಿದರೂ ಅದು ಥರೋಬ್ರೆಡ್ ಅಲ್ಲ.

ಪ್ರಾಣಿಯ ಪರಾಕ್ರಮವನ್ನು ದಾಖಲಿಸುವುದು ಕನ್ನಡ ನಾಡಿಗೆ ಹೊಸತಲ್ಲ. ಸುಮಾರು ಕ್ರಿ.ಶ. 950ರ ಆತಕೂರು ಶಾಸನ ಕಾಳಿ ಎಂಬ ಬೇಟೆನಾಯಿಯ ವೀರಗಲ್ಲು. ಕಾಡುಹಂದಿಯೊಡನೆ ಹೋರಾಡಿ ಸತ್ತ ನಾಯಿಗೆ ಅದರ ಒಡೆಯ ಮಣಲೇರ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕುದುರೆಯೂ ಅರಮನೆಯ ವಿದ್ಯೆಗೆ ದೂರವಿರಲಿಲ್ಲ: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆ ಏರಿ ಚೆಂಡಾಡುವ ವಿನೋದದ ವರ್ಣನೆಯಿದೆ. ಆದರೆ ಇವೆಲ್ಲ ದಂಡಿನ ಮತ್ತು ಬೇಟೆಯ ಲೋಕದ ಮಾತು. ಗಡಿಯಾರ ಹಿಡಿದು ಓಡಿಸುವ ಕುದುರೆ ಬಂದದ್ದು ಬ್ರಿಟಿಷರ ಜೊತೆ.

ಈಗ ಐಟಿ ಮತ್ತು ಕೈಗಾರಿಕಾ ಪಟ್ಟಿ ಎನಿಸಿಕೊಂಡಿರುವ ಬೆಂಗಳೂರಿನ ಹೊರವಲಯದ ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಈ ಚರಿತ್ರೆಯ ಗುರುತು ಹುಡುಕಿದರೆ ಸಿಗುವುದು ಕಷ್ಟ. ಪಟ್ಟಿಯ ಅಂಚು ದಾಟಿದರೆ ಸಿಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಮುಂದೆ ಹೊಸೂರಿನ ಮತ್ತಿಗಿರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 1824ರಲ್ಲಿ ದಂಡಿನ ಕುದುರೆಗಳಿಗಾಗಿ ಕೇಂದ್ರ ತೆರೆಯಿತು. ಅದೇ ಮುಂದೆ ಜಾನುವಾರು ಫಾರ್ಮ್ ಆಯಿತು. ಪೀಣ್ಯದ ಕಡೆಯಿಂದ ನೆಲಮಂಗಲ ದಾಟಿ ಪಶ್ಚಿಮಕ್ಕೆ ಹೋದರೆ ಕುಣಿಗಲ್. ಅಲ್ಲಿನ ಕುದುರೆ ಫಾರ್ಮಿನ ಮೂಲವನ್ನು ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯುತ್ತಾರೆ. ನಂತರ ಅದು ಮೈಸೂರು ಸಂಸ್ಥಾನದ ಸಿಲ್ಲೇದಾರ್ ಎಂಬ ಅಶ್ವಪಡೆಗಳಿಗೆ ಕುದುರೆ ಸಾಕಿತು.

ಮೈಸೂರು ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಚಾಮುಂಡಿ ಬೆಟ್ಟದ ತಪ್ಪಲಿನ ಆ ಮೈದಾನದಲ್ಲಿ ದಸರಾ ಹೊತ್ತಿಗೆ ಡರ್ಬಿ ನಡೆಯುತ್ತದೆ. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ ಸುಮಾರು 85 ಎಕರೆಯ ಈಗಿನ ರೇಸ್ ಕೋರ್ಸ್ 1920ರ ದಶಕದ ಆರಂಭದ್ದು. ಮುಂಬೈ, ಹೈದರಾಬಾದ್, ಚೆನ್ನೈಗಳ ಬಿಸಿಲಿಗೆ ಕುದುರೆಗಳು ಬಸವಳಿಯುವ ತಿಂಗಳುಗಳಲ್ಲಿ ಇಲ್ಲಿ ಹವೆ ತಂಪು. ಹಾಗಾಗಿ ದೇಶದ ಒಳ್ಳೆಯ ಕುದುರೆಗಳೆಲ್ಲ ಬೇಸಿಗೆ ಋತುವಿಗೆ ಬೆಂಗಳೂರಿಗೆ ಬರುವ ರೂಢಿ ಬೆಳೆಯಿತು. ಊರಿನ ಬಾಯಲ್ಲಿ ಮಾತ್ರ ರೇಸ್ ಕೋರ್ಸ್ ಎಂದರೆ ‘ಕುದುರೆ ಬಾಲಕ್ಕೆ ದುಡ್ಡು ಕಟ್ಟುವ’ ಜಾಗ. ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ, ಜೂಜಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆಮಠ ಕಳೆದುಕೊಂಡವರ ಸಂಸಾರಗಳಿಗೆ ಆ ವ್ಯತ್ಯಾಸದಿಂದ ಸಮಾಧಾನವಾಗಿರಲಾರದು. ಈ ಕೆಟ್ಟ ಹೆಸರಿನ ಅಡಿಯಲ್ಲಿ ಕುದುರೆಗಳ ಹೆಸರೂ ಹೂತುಹೋಯಿತು ಎಂಬುದೂ ನಿಜ.

ಉಳಿದ ಹೆಸರುಗಳಲ್ಲಿ ಮೊದಲನೆಯದು ಪ್ರಿನ್ಸೆಸ್ ಬ್ಯೂಟಿಫುಲ್. ಬರೋಡಾ ಮಹಾರಾಜರ ಈ ಹೆಣ್ಣು ಕುದುರೆ 1943ರಲ್ಲಿ ಮುಂಬೈಯ ಮಹಾಲಕ್ಷ್ಮಿಯಲ್ಲಿ ಮೊದಲ ಇಂಡಿಯನ್ ಡರ್ಬಿ ಗೆದ್ದಿತು. ಜಾಕಿ ಆಸ್ಟ್ರೇಲಿಯದ ಎಡ್ಗರ್ ಬ್ರಿಟ್. 1947ರಲ್ಲಿ ಅದೇ ಮಹಾರಾಜರ ಸಯಾಜಿರಾವ್ ಎಂಬ ಕುದುರೆ ಇಂಗ್ಲೆಂಡಿನ ಸೇಂಟ್ ಲೆಜರ್ ಗೆದ್ದಾಗಲೂ ಸವಾರ ಅವನೇ.

ಹಳೆಯ ರೇಸ್‌ಪ್ರಿಯರನ್ನು ಕೇಳಿದರೆ ಚರ್ಚೆ ಬೇಗ ಸ್ಕ್ವಾಂಡರರ್‌ಗೆ ಬಂದು ನಿಲ್ಲುತ್ತದೆ. 1976–77ರ ಋತುವಿನಲ್ಲಿ ತ್ರಿವಳಿ ಕಿರೀಟ (ಟ್ರಿಪಲ್ ಕ್ರೌನ್) ಗೆದ್ದ ಈ ಗಂಡು ಕುದುರೆ ಓಡಿದ 19 ಓಟಗಳಲ್ಲಿ 18 ಗೆದ್ದಿತು. ಪಳಗಿಸಿದವರು ರಶೀದ್ ಬೈರಾಮ್‌ಜಿ. ಮುಂದೆ ಬೆಂಗಳೂರನ್ನೇ ನೆಲೆ ಮಾಡಿಕೊಂಡು ಹನ್ನೆರಡು ಇಂಡಿಯನ್ ಡರ್ಬಿಗಳ ತರಬೇತುದಾರ ಎನಿಸಿಕೊಂಡವರು. ಎಲ್ಯೂಸಿವ್ ಪಿಂಪರ್ನೆಲ್ ಎಂಬ ಕುದುರೆ ಕೂಡ ಅವರ ಲಾಯದ್ದೇ. ಸ್ಕ್ವಾಂಡರರ್ ಶ್ರೇಷ್ಠವೋ, ನಂತರ ಬಂದವು ಶ್ರೇಷ್ಠವೋ ಎಂಬ ವಾದಕ್ಕೆ ಕೊನೆಯಿಲ್ಲ. ಓಟದ ಸಮಯವೊಂದನ್ನೇ ಹಿಡಿದು ತೀರ್ಮಾನಿಸುವುದು ತಪ್ಪು: ನೆಲದ ಹಸಿ, ಹೊತ್ತ ಭಾರ, ಜೊತೆಗೆ ಓಡಿದವುಗಳ ಯೋಗ್ಯತೆ ಪ್ರತಿಸಲವೂ ಬೇರೆ.

ಕುಣಿಗಲ್ ಫಾರ್ಮಿಗೆ ಹೊಸ ಕಳೆ ಬಂದದ್ದು 1992ರಲ್ಲಿ ವಿಜಯ್ ಮಲ್ಯ ಅವರ ಸಂಸ್ಥೆ ಗುತ್ತಿಗೆಗೆ ಪಡೆದ ಮೇಲೆ. 1993ರಲ್ಲಿ ರಾಯಲ್ ಆಸ್ಕಾಟ್‌ನ ಪ್ರಿನ್ಸ್ ಆಫ್ ವೇಲ್ಸಸ್ ಸ್ಟೇಕ್ಸ್ ಗೆದ್ದಿದ್ದ ಪ್ಲೇಸರ್‌ವಿಲ್ ಇಲ್ಲಿಗೆ ಬೀಜದ ಕುದುರೆಯಾಗಿ ಬಂದು, ದೇಶದ ಅಗ್ರ ತಂದೆಕುದುರೆಗಳ ಸಾಲಿಗೆ ಸೇರಿತು. ಇಲ್ಲಿದ್ದ ಇನ್ನೊಂದು ಬೀಜದ ಕುದುರೆ ಬರ್ಡನ್ ಆಫ್ ಪ್ರೂಫ್‌ನ ಮಗ ಡೆಸರ್ಟ್ ಗಾಡ್ 2016ರ ಇಂಡಿಯನ್ ಡರ್ಬಿ ಗೆದ್ದಿತು. ತರಬೇತುದಾರ ಬೆಂಗಳೂರಿನ ಎಸ್. ಪದ್ಮನಾಭನ್, ಸವಾರ ಸೂರಜ್ ನರೇಡು.

ಬೇರೆ ದೇಶಗಳಲ್ಲಿ ದೊಡ್ಡ ಕುದುರೆಯ ಸ್ಮರಣೆ ಕಣ್ಣಿಗೆ ಕಾಣುವಂಥದ್ದು. ಅಮೆರಿಕದ ಕೆಂಟಕಿಯಲ್ಲಿ ಮ್ಯಾನ್ ಓ ವಾರ್‌ನ ಸಮಾಧಿಯ ಮೇಲೆ ಕಂಚಿನ ಪ್ರತಿಮೆ ನಿಂತಿದೆ. ಫಾರ್ ಲ್ಯಾಪ್‌ನ ಚರ್ಮ ಮೆಲ್ಬರ್ನ್‌ನಲ್ಲಿ, ಹೃದಯ ಕ್ಯಾನ್‌ಬೆರಾದಲ್ಲಿ, ಅಸ್ಥಿಪಂಜರ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಹಂಚಿಹೋಗಿವೆ. ಇದು ಭಕ್ತಿಯೋ ಅತಿರೇಕವೋ ಹೇಳುವುದು ಕಷ್ಟ. ಕೆಲವು ಮಹಾ ಕುದುರೆಗಳ ಹೆಸರನ್ನು ಮತ್ತೊಂದಕ್ಕೆ ಇಡದಂತೆ ಕಾಯ್ದಿಡುವ ಅಂತರರಾಷ್ಟ್ರೀಯ ಪಟ್ಟಿಯೂ ಇದೆ. ನಮ್ಮಲ್ಲಿ ಮಹಾರಾಜಾಸ್ ಕಪ್, ಗವರ್ನರ್ಸ್ ಕಪ್ ಎಂದು ಹೆಸರಾಂತ ಓಟಗಳೂ ಮನುಷ್ಯರ ಪದವಿಯ ಮೇಲೇ ನಿಂತಿವೆ. ಕುದುರೆಯ ನೆನಪು ಹೆಚ್ಚಾಗಿ ಉಳಿದಿರುವುದು ರೇಸ್ ಪುಸ್ತಕದ ಸಣ್ಣ ಅಕ್ಷರಗಳಲ್ಲಿ: ಇಂದು ಓಡುವ ಪ್ರತಿ ಕುದುರೆಯ ಹೆಸರಿನ ಜೊತೆ ಅದರ ಅಪ್ಪ ಅಮ್ಮನ ಹೆಸರು ಅಚ್ಚಾಗುತ್ತದೆ. ಬಲ್ಲವರು ಅದನ್ನೇ ಮೊದಲು ಓದುತ್ತಾರೆ.

ಗೆದ್ದ ಕುದುರೆ ಫಾರ್ಮಿಗೆ ಹೋಗುತ್ತದೆ, ಉಳಿದವುಗಳ ಪಾಡು ಬೇರೆ. ಕೆಲವು ಸವಾರಿ ಶಾಲೆ ಸೇರುತ್ತವೆ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳಕ್ಕೂ ರೇಸ್ ಬಿಟ್ಟ ಕುದುರೆಗಳು ಬರುತ್ತವೆ. ಆ ದಳ ಸಾಗುವ ದಸರೆಯ ಜಂಬೂಸವಾರಿ ನೋಡಲು ನಿಂತವರಲ್ಲಿ ಹೆಚ್ಚಿನವರಿಗೆ ಆ ಕುದುರೆಗಳ ಹಿಂದಿನ ಬದುಕು ತಿಳಿದಿರುವುದಿಲ್ಲ. ಈಚಿನ ವರ್ಷಗಳಲ್ಲಿ ಕುಣಿಗಲ್ ಫಾರ್ಮಿನ 400ಕ್ಕೂ ಹೆಚ್ಚು ಎಕರೆಯಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಬಂದು ವಿರೋಧ ಎದುರಿಸಿತು. ಬೆಂಗಳೂರಿನ ರೇಸ್ ಕೋರ್ಸನ್ನೇ ಆ ನೆಲಕ್ಕೆ ಸಾಗಿಸುವ ಮಾತು ಆಮೇಲೆ ಶುರುವಾಯಿತು.