ಒಂದು ಊಟಕ್ಕೆ, ಇನ್ನೊಂದು ವಿಷ: ಎರಡು ಕಲ್ಲುಹೂವುಗಳ ಕಥೆ

ಪಲಾವ್‌ಗೆ ಹಾಕುವ ಕಲ್ಲುಹೂವು ನಿಜಕ್ಕೂ ಹೂವಲ್ಲ. ಅದು ಲೈಕೆನ್, ಅಂದರೆ ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೀಗೆಂದಾಗ ಅಂದಿನ ದೊಡ್ಡ ದೊಡ್ಡ ಪಂಡಿತರೇ ಒಪ್ಪಲಿಲ್ಲ.

ಉತ್ತರ ಅಮೆರಿಕದ ಪಶ್ಚಿಮ ಭಾಗದ ಕಾಡುಗಳಲ್ಲಿ ಇಂಥವೇ ಎರಡು ಲೈಕೆನ್‌ಗಳಿವೆ. ಎರಡೂ ಮರದ ಕೊಂಬೆಯಿಂದ ಕೂದಲಿನ ಹಾಗೆ ಜೋತಾಡುತ್ತವೆ. ಕಂದು ಬಣ್ಣದ್ದು ಬ್ರಯೋರಿಯಾ ಫ್ರೆಮಾಂಟಿ. ಅಲ್ಲಿನ ಮೂಲನಿವಾಸಿಗಳು ಇದನ್ನು ತೊಳೆದು, ಗುಂಡಿ ತೋಡಿ, ಕಾದ ಕಲ್ಲುಗಳ ಶಾಖದಲ್ಲಿ ಬೇಯಿಸಿ ತಿನ್ನುತ್ತಿದ್ದರು. ಹಳದಿ ಛಾಯೆಯದು ಬ್ರಯೋರಿಯಾ ಟಾರ್ಚುವೋಸಾ. ಇದರಲ್ಲಿ ವಲ್ಪಿನಿಕ್ ಆಮ್ಲ ಎಂಬ ಕಹಿ ವಿಷ ಹೆಚ್ಚು. ಅದಕ್ಕೇ ಅವರು ಸಿಕ್ಕಿದ್ದನ್ನೆಲ್ಲ ಕೀಳುತ್ತಿರಲಿಲ್ಲ. ರುಚಿ ನೋಡಿ ಆರಿಸುತ್ತಿದ್ದರು.

2009ರಲ್ಲಿ ವಿಜ್ಞಾನಿಗಳು ಎರಡರ ಡಿಎನ್‌ಎ ಹೋಲಿಸಿದರು. ಶಿಲೀಂಧ್ರದಲ್ಲೂ ವ್ಯತ್ಯಾಸವಿಲ್ಲ, ಪಾಚಿಯಲ್ಲೂ ಇಲ್ಲ! ಹಾಗಾದರೆ ಒಂದು ಊಟ, ಇನ್ನೊಂದು ವಿಷ ಆಗಿದ್ದು ಹೇಗೆ?

ಮೊಂಟಾನಾದಲ್ಲಿ ಸಂಶೋಧನೆ ಮಾಡುತ್ತಿದ್ದ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಸುಳಿವು ಕೊಟ್ಟರು. ಲೈಕೆನ್‌ನ ಹೊರಪದರದಲ್ಲಿ ಮೂರನೆಯ ಪಾಲುದಾರ ಅಡಗಿತ್ತು: ಒಂದು ಬಗೆಯ ಯೀಸ್ಟ್. ಹಳದಿ ಲೈಕೆನ್‌ನಲ್ಲಿ ಅದು ಬಹಳ ಹೆಚ್ಚಿತ್ತು. ವಿಷ ತಯಾರಿಸುವುದು ಯೀಸ್ಟೇ ಎಂದು ಇದರಿಂದ ಸಾಬೀತಾಗಲಿಲ್ಲ. ಆದರೆ ಲೈಕೆನ್ ಅಂದರೆ ಇಬ್ಬರ ಸಂಸಾರ ಎಂಬ ಸುಮಾರು 150 ವರ್ಷದ ಪಾಠವನ್ನು ತಿದ್ದಬೇಕಾಯಿತು.

ಡಿಎನ್‌ಎಯಲ್ಲಿ ಸಿಗದ ವ್ಯತ್ಯಾಸವನ್ನು ಕಾಡಿನ ಜನ ಸೂಕ್ಷ್ಮದರ್ಶಕವಿಲ್ಲದೆ, ನಾಲಿಗೆಯಿಂದಲೇ ಗುರುತಿಸಿದ್ದರು. ಮನೆಮಂದಿಯ ಹೊಟ್ಟೆ ಆ ಗುರುತಿನ ಮೇಲೆಯೇ ನಿಂತಿತ್ತು.