ಮೌಸ್ ಯಾರ ಕೈಯಲ್ಲಿ? ಸ್ವಿಚ್ ಡಬ್ಬಿಯೊಂದರ ಚರಿತ್ರೆ

ಜಿಲ್ಲಾ ಕೇಂದ್ರದ ಹಳೆಯ ಡಿಟಿಪಿ ಅಂಗಡಿಗಳಲ್ಲಿ ಮೇಜಿನ ಕೆಳಗೆ ಎರಡು ಸಿಪಿಯು, ಮೇಜಿನ ಮೇಲೆ ಮಾತ್ರ ಒಂದೇ ಕೀಬೋರ್ಡ್, ಒಂದೇ ಮೌಸ್ ಇರುವುದುಂಟು. ಒಂದು ಯಂತ್ರ ಹಳೇ ವಿಂಡೋಸಿನದು. ಅದರಲ್ಲಿ ಪೇಜ್‌ಮೇಕರ್, ಜೊತೆಗೆ ವರ್ಷಗಟ್ಟಲೆ ಸೇರಿಸಿಟ್ಟ ಲಗ್ನಪತ್ರಿಕೆ, ಕರಪತ್ರ, ವಾರಪತ್ರಿಕೆಯ ಫೈಲುಗಳು. ಇನ್ನೊಂದು ಹೊಸದು, ಮೇಲ್ ಮತ್ತು ವಾಟ್ಸಾಪ್ ನೋಡಲಿಕ್ಕೆ. ಎರಡರ ನಡುವೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರ ಗುಂಡಿ ಒತ್ತಿದರೆ ಕೀಬೋರ್ಡು, ಮೌಸು ಎರಡೂ ಈ ಯಂತ್ರ ಬಿಟ್ಟು ಆ ಯಂತ್ರಕ್ಕೆ ಹೋಗುತ್ತವೆ. ಏನಿದು ಅಂದರೆ 'ಸ್ವಿಚ್' ಅನ್ನುತ್ತಾರೆ, ಮುಂದೆ ಮಾತಿಲ್ಲ. ನೋಡಿದರೆ ಕಥೆ ಇರುವ ವಸ್ತು ಅನ್ನಿಸುವುದಿಲ್ಲ. ಆದರೆ ಕಂಪ್ಯೂಟರಿನ ಚರಿತ್ರೆಯಲ್ಲಿ ಯಾವಾಗ ಯಾವುದು ಕಡಿಮೆ ಬಿತ್ತು, ಯಂತ್ರವೋ ಮನುಷ್ಯನೋ ಎಂಬುದಕ್ಕೆ ಈ ಡಬ್ಬಿಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಮೊದಲು ಪರಿಸ್ಥಿತಿ ತಲೆಕೆಳಗಾಗಿತ್ತು. 1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಐಬಿಎಂ ಕಂಪ್ಯೂಟರಿಗೆ ಕೆಲವು ಟೈಪಿಂಗ್ ಯಂತ್ರಗಳನ್ನು ಜೋಡಿಸಿ, ಹಲವರು ಏಕಕಾಲಕ್ಕೆ ಕೆಲಸ ಮಾಡಬಹುದು ಎಂದು ತೋರಿಸಿದರು. ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ, ಕೋಟಿಗಟ್ಟಲೆ ಬೆಲೆಯ ವಸ್ತು. ಅದಕ್ಕೆ ಹೋಲಿಸಿದರೆ ಟೈಪ್ ಮಾಡುವವರು ಅಗ್ಗ. ಹಾಗಾಗಿ ಯಂತ್ರ ಒಂದು, ಕೀಬೋರ್ಡ್ ಹಲವು. ಇಪ್ಪತ್ತು ವರ್ಷ ಕಳೆದು 1981ರಲ್ಲಿ ಐಬಿಎಂ ಪಿಸಿ ಬಂದಾಗ ಒಬ್ಬರಿಗೆ ಒಂದು ಯಂತ್ರ, ಒಂದು ಯಂತ್ರಕ್ಕೆ ಒಂದು ಕೀಬೋರ್ಡ್ ಎನ್ನುವ ಲೆಕ್ಕ ಶುರುವಾಯಿತು. ನಮ್ಮ ತಲೆಮಾರು ನೋಡಿದ ಕಂಪ್ಯೂಟರ್ ಇದೇ.

ಈ ಲೆಕ್ಕ ಮೊದಲು ತಪ್ಪಿದ್ದು ಸರ್ವರ್ ಕೋಣೆಗಳಲ್ಲಿ. ಪಿಸಿ ಅಗ್ಗವಾದಂತೆ ಕಂಪನಿಗಳು ಒಂದು ದೊಡ್ಡ ಯಂತ್ರದ ಬದಲು ಹತ್ತಾರು ಸಣ್ಣ ಯಂತ್ರಗಳನ್ನು ಕಪಾಟಿನಲ್ಲಿ ಜೋಡಿಸತೊಡಗಿದವು. ಅವುಗಳನ್ನು ನೋಡಿಕೊಳ್ಳಲು ಇದ್ದದ್ದು ಒಬ್ಬಿಬ್ಬರು. ಪ್ರತಿಯೊಂದಕ್ಕೂ ಮಾನಿಟರು, ಕೀಬೋರ್ಡು ಇಟ್ಟರೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಕೆಲವರು ಮಾನಿಟರು, ಕೀಬೋರ್ಡನ್ನು ಒಂದು ತಳ್ಳುಗಾಡಿಯ ಮೇಲಿಟ್ಟು, ಯಾವ ಯಂತ್ರ ಹಟ ಹಿಡಿಯಿತೋ ಅದರ ಹತ್ತಿರ ತಳ್ಳಿಕೊಂಡು ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಸಾಮಾನು ಸಾಗಿಸುವ ಗಾಡಿಯ ಹೆಸರನ್ನೇ ಇದಕ್ಕೂ ಇಟ್ಟರು: ಕ್ರ್ಯಾಶ್ ಕಾರ್ಟ್. ಇನ್ನು ಕೆಲವರು ಪ್ರಿಂಟರ್ ಹಂಚಿಕೊಳ್ಳಲು ಬಳಸುತ್ತಿದ್ದ ತಿರುಗಿಸುವ ಗುಬುಟಿನ ಪೆಟ್ಟಿಗೆಯನ್ನೇ ಕೀಬೋರ್ಡಿಗೂ ಹೊಂದಿಸಿದರು. ಹಳೇ ರೇಡಿಯೋದ ಬ್ಯಾಂಡ್ ಬದಲಿಸಿದಂತೆ ಗುಬುಟು ತಿರುಗಿಸಿದರೆ ತಂತಿಗಳು ಒಂದು ಯಂತ್ರದಿಂದ ಬಿಟ್ಟು ಇನ್ನೊಂದಕ್ಕೆ ಕೂಡುತ್ತಿದ್ದವು.

ಇಲ್ಲೊಂದು ತೊಡಕು ಎದುರಾಯಿತು. ಆ ಕಾಲದ ಪಿಸಿ ಆನ್ ಆಗುವಾಗ ಕೀಬೋರ್ಡ್ ಇದೆಯೇ ಎಂದು ಮೊದಲು ಪರೀಕ್ಷಿಸುತ್ತಿತ್ತು. ಇಲ್ಲವಾದರೆ 'ಕೀಬೋರ್ಡ್ ಕಾಣುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ' ಎಂಬರ್ಥದ ಸಂದೇಶ ತೋರಿಸಿ ನಿಂತುಬಿಡುತ್ತಿತ್ತು. ಇಲ್ಲದ ಕೀಬೋರ್ಡಿನ ಗುಂಡಿ ಒತ್ತುವುದು ಹೇಗೆ ಎಂಬುದು ಕಂಪ್ಯೂಟರ್ ರಿಪೇರಿಯವರ ನಡುವೆ ಇವತ್ತಿಗೂ ಓಡುವ ನಗೆಮಾತು. ಸರ್ವರ್ ಕೋಣೆಯಲ್ಲಿ ಅದು ನಗೆಯ ವಿಷಯವಾಗಿರಲಿಲ್ಲ. ರಾತ್ರಿ ಕರೆಂಟು ಹೋಗಿ ಬಂದರೆ, ಗುಬುಟು ಯಾವ ಯಂತ್ರದ ಕಡೆ ತಿರುಗಿತ್ತೋ ಅದೊಂದು ಎದ್ದು ಕೂರುತ್ತಿತ್ತು, ಉಳಿದವು ಎಫ್1ಗಾಗಿ ಬೆಳಗಿನವರೆಗೂ ಕಾಯುತ್ತಿದ್ದವು. 1987ರಲ್ಲಿ ಐಬಿಎಂ ತಂದ ಪಿಎಸ್/2 ಎಂಬ ದುಂಡನೆಯ ಸಣ್ಣ ಪಿನ್ನಿಗೆ ಮತ್ತೊಂದು ಗುಣವಿತ್ತು. ಯಂತ್ರ ಓಡುತ್ತಿರುವಾಗ ಅದನ್ನು ಕಿತ್ತು ಹಾಕುವಂತಿರಲಿಲ್ಲ. ಕಿತ್ತು ಮತ್ತೆ ಚುಚ್ಚಿದರೂ ಮೌಸ್ ಜೀವ ಹಿಡಿಯುವ ಖಾತ್ರಿಯಿಲ್ಲ, ಕೆಲವೊಮ್ಮೆ ಮದರ್‌ಬೋರ್ಡಿನ ಫ್ಯೂಸೇ ಹೋಗುತ್ತಿತ್ತು.

ಆದ್ದರಿಂದ ಬರೀ ತಂತಿ ಬದಲಿಸುವ ಪೆಟ್ಟಿಗೆ ಸಾಲದಾಯಿತು. ಪ್ರತಿ ಯಂತ್ರಕ್ಕೂ 'ನಿನ್ನ ಕೀಬೋರ್ಡ್ ಇಲ್ಲೇ ಇದೆ' ಎಂದು ಸದಾ ಸುಳ್ಳು ಹೇಳುತ್ತಾ ಕೂರುವ ಪೆಟ್ಟಿಗೆ ಬೇಕಾಯಿತು. ಒಳಗೊಂದು ಚಿಪ್ ಇಟ್ಟು ಅದನ್ನು ಸಾಧಿಸಿದರು. ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನ ಸೈಬೆಕ್ಸ್, ವಾಷಿಂಗ್ಟನ್ ರಾಜ್ಯದ ಅಪೆಕ್ಸ್, ತೈವಾನಿನ ಎಟೆನ್ ಈ ಧಂಧೆಯಲ್ಲಿ ಹೆಸರು ಮಾಡಿದವು. ಕೀಬೋರ್ಡ್, ವಿಡಿಯೋ, ಮೌಸ್ ಈ ಮೂರರ ಮೊದಲಕ್ಷರ ಸೇರಿಸಿ 'ಕೆವಿಎಂ' ಎಂಬ ಹೆಸರನ್ನು 1995ರಲ್ಲಿ ಸೈಬೆಕ್ಸ್ ಸ್ಥಾಪಕ ರೆಮಿಜಿಯಸ್ ಶಟಾಸ್ ಇಟ್ಟರು ಎನ್ನುತ್ತಾರೆ. 2000ದಲ್ಲಿ ಸೈಬೆಕ್ಸ್ ಮತ್ತು ಅಪೆಕ್ಸ್ ಕೂಡಿ ಅವೊಸೆಂಟ್ ಆಯಿತು. 2009ರಲ್ಲಿ ಎಮರ್ಸನ್ ಕಂಪನಿ ಅದನ್ನು ಸುಮಾರು 120 ಕೋಟಿ ಡಾಲರಿಗೆ ಕೊಂಡಿತು. ಸುಳ್ಳು ಹೇಳುವ ಪೆಟ್ಟಿಗೆಗೆ ಅಷ್ಟು ಬೆಲೆ!

ಸುಳ್ಳು ಯಾವಾಗಲೂ ನಡೆಯುತ್ತಿರಲಿಲ್ಲ ಅನ್ನುವುದೂ ನಿಜ. 1996ರಲ್ಲಿ ಮೈಕ್ರೋಸಾಫ್ಟ್ ಚಕ್ರವಿರುವ ಮೌಸ್ ತಂದಿತು. ಚಕ್ರ ಇದೆಯೇ ಎಂದು ತಿಳಿಯಲು ಕಂಪ್ಯೂಟರು ಮೌಸಿಗೆ 200, 100, 80 ಎಂಬ ಮೂರು ಸಂಖ್ಯೆಗಳನ್ನು ಇದೇ ಕ್ರಮದಲ್ಲಿ ಕಳಿಸುತ್ತಿತ್ತು. ಗುಟ್ಟಿನ ಬಾಗಿಲು ಬಡಿತ ಇದ್ದಂತೆ. ಗುರುತು ಹಿಡಿದ ಮೌಸ್ 'ಹೌದು, ನನಗೆ ಚಕ್ರ ಇದೆ' ಎಂದು ಉತ್ತರಿಸಬೇಕು. ಈ ಬಡಿತ ಗೊತ್ತಿಲ್ಲದ ಹಳೆಯ ಸ್ವಿಚ್ಚುಗಳಲ್ಲಿ ಬಾಣ ಓಡಾಡುತ್ತಿತ್ತು, ಚಕ್ರ ಮಾತ್ರ ಸತ್ತಿರುತ್ತಿತ್ತು. ಯಂತ್ರ ಬದಲಿಸಲು ಸ್ಕ್ರಾಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತುವ ಪದ್ಧತಿಯೂ ರೂಢಿಗೆ ಬಂತು. ಯಾರೂ ಮುಟ್ಟದ ಆ ಕೀಲಿಗೆ ಸಿಕ್ಕ ಉದ್ಯೋಗ ಹೆಚ್ಚುಕಡಿಮೆ ಇದೊಂದೇ.

ಈ ತಾಪತ್ರಯಗಳಿಗೆಲ್ಲ ಕೊನೆ ಹಾಡಿದ್ದು ಯುಎಸ್‌ಬಿ. ವಡೋದರಾದಲ್ಲಿ ಓದಿ ಅಮೆರಿಕದ ಇಂಟೆಲ್ ಸೇರಿದ ಅಜಯ್ ಭಟ್ ಮತ್ತು ಅವರ ತಂಡ ಇದರ ಹಿಂದಿತ್ತು. ಏಳು ಕಂಪನಿಗಳು ಕೈಜೋಡಿಸಿ 1996ರ ಜನವರಿಯಲ್ಲಿ ಮೊದಲ ಆವೃತ್ತಿ ಹೊರಬಂತು. 1998ರಲ್ಲಿ ಆಪಲ್ಲಿನ ಐಮ್ಯಾಕ್ ಕೀಬೋರ್ಡ್, ಮೌಸಿಗೆ ಯುಎಸ್‌ಬಿ ಬಿಟ್ಟು ಬೇರೆ ತೂತನ್ನೇ ಇಡಲಿಲ್ಲ. ಯುಎಸ್‌ಬಿ ತಂತಿಯೊಳಗೆ ಮೂಲತಃ ನಾಲ್ಕೇ ಎಳೆ: 5 ವೋಲ್ಟಿನದೊಂದು, ಗ್ರೌಂಡ್ ಒಂದು, ಮಾಹಿತಿಗೆ ಎರಡು. ನಿಯಮವೂ ಸರಳ. ಯಜಮಾನ ಒಬ್ಬನೇ, ಅದು ಕಂಪ್ಯೂಟರ್. ಮೌಸ್ ತಾನಾಗಿ ಬಾಯಿ ಬಿಡುವಂತಿಲ್ಲ. ಕಂಪ್ಯೂಟರು ಸೆಕೆಂಡಿಗೆ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಸಲ 'ಏನಾದರೂ ಇದೆಯಾ?' ಎಂದು ಕೇಳುತ್ತದೆ, ಇದ್ದರೆ ಮೌಸ್ ಹೇಳುತ್ತದೆ. ಒಬ್ಬ ಆಳಿಗೆ ಇಬ್ಬರು ಯಜಮಾನರು ಕೂಡದು ಎಂಬ ಈ ನಿಯಮದಿಂದಲೇ ಒಂದು ಮೌಸಿನ ತಂತಿಯನ್ನು ಸುಮ್ಮನೆ ಕವಲು ಮಾಡಿ ಎರಡು ಕಂಪ್ಯೂಟರಿಗೆ ಚುಚ್ಚಲಾಗುವುದಿಲ್ಲ. ನಡುವೆ ಸ್ವಿಚ್ ಬೇಕೇಬೇಕು.

ಆದರೆ ಈ ಸ್ವಿಚ್ಚಿಗೆ ಸುಳ್ಳು ಹೇಳುವ ಕೆಲಸವಿಲ್ಲ. ಯುಎಸ್‌ಬಿ ಹುಟ್ಟಿದ್ದೇ ಓಡುವ ಯಂತ್ರದಿಂದ ಕಿತ್ತು ಹಾಕಲಿಕ್ಕೆ. ಗುಂಡಿ ಒತ್ತಿದಾಗ ಮೊದಲ ಕಂಪ್ಯೂಟರಿಗೆ 'ಕೀಬೋರ್ಡ್ ಕಿತ್ತರು' ಎಂದೂ ಎರಡನೆಯದಕ್ಕೆ 'ಹೊಸದು ಬಂತು' ಎಂದೂ ಅನ್ನಿಸುತ್ತದೆ. ಎರಡನೆಯದು ನೀನು ಯಾರು ಎಂದು ಕೇಳಿ, 1ರಿಂದ 127ರೊಳಗೆ ಒಂದು ನಂಬರು ಕೊಟ್ಟು ಕೂರಿಸಿಕೊಳ್ಳುತ್ತದೆ. ಗುಂಡಿ ಒತ್ತಿದ ಮೇಲೆ ಒಂದೆರಡು ಸೆಕೆಂಡು ತಡವಾಗುವುದು ಈ ವಿಚಾರಣೆಯಿಂದಲೇ. ದುಬಾರಿ ಸ್ವಿಚ್ಚುಗಳು ಈಗಲೂ ಹಳೇ ಸುಳ್ಳಿನ ದಾರಿ ಹಿಡಿದು ಆ ಎರಡು ಸೆಕೆಂಡನ್ನೂ ಉಳಿಸುತ್ತವೆ. ಗುಟ್ಟಿನ ಜಾಲ, ಬಯಲು ಜಾಲ ಎರಡನ್ನೂ ಒಂದೇ ಮೇಜಿನಲ್ಲಿ ಬಳಸುವ ಸೇನೆ, ಸರ್ಕಾರದ ಕಚೇರಿಗಳಿಗೆ ಬೇರೆಯದೇ ಜಾತಿಯ ಸ್ವಿಚ್ಚುಗಳಿವೆ. ಅಲ್ಲಿನ ಭಯ ಏನೆಂದರೆ, ಒಂದು ಯಂತ್ರದ ಮಾಹಿತಿ ಸ್ವಿಚ್ಚಿನೊಳಗೇ ಉಳಿದು ಇನ್ನೊಂದಕ್ಕೆ ದಾಟಿಬಿಟ್ಟರೆ? ಹಾಗಾಗಿ ಅವು ಪ್ರತಿ ಬದಲಾವಣೆಗೂ ನೆನಪನ್ನು ಒರೆಸಿಹಾಕುತ್ತವೆ.

ಕೆವಿಎಂನಿಂದ 'ವಿ' ಕಳಚಿಕೊಂಡದ್ದೂ ಇದೇ ಕಾಲದಲ್ಲಿ. ಮಾನಿಟರುಗಳಿಗೆ ಎರಡು ಮೂರು ತೂತು ಬಂದವು, ಚಿತ್ರವನ್ನು ಮಾನಿಟರಿನ ಗುಂಡಿಯಿಂದಲೇ ಬದಲಿಸಬಹುದಾಯಿತು. ವಿಡಿಯೋ ಬದಲಿಸುವ ದುಬಾರಿ ಭಾಗ ಬಿಟ್ಟು ಕೀಬೋರ್ಡ್, ಮೌಸ್ ಮಾತ್ರ ಬದಲಿಸುವ ಅಗ್ಗದ ಯುಎಸ್‌ಬಿ ಡಬ್ಬಿ ನಮ್ಮ ಅಂಗಡಿಗಳವರೆಗೂ ಬಂತು. ನೆಟ್‌ವರ್ಕಿನ ಮೂಲಕವೇ ಬಾಣವನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ದಾಟಿಸುವ ಸಾಫ್ಟ್‌ವೇರುಗಳೂ ಇವೆ. 2001ರ ಸಿನರ್ಜಿ, 2011ರಲ್ಲಿ ಮೈಕ್ರೋಸಾಫ್ಟಿನ ಉದ್ಯೋಗಿಯೊಬ್ಬರು ಬಿಡುವಿನಲ್ಲಿ ಬರೆದ ಮೌಸ್ ವಿದೌಟ್ ಬಾರ್ಡರ್ಸ್, 2022ರ ಆಪಲ್ ಯೂನಿವರ್ಸಲ್ ಕಂಟ್ರೋಲ್. ಆದರೆ ಡಿಟಿಪಿ ಅಂಗಡಿಯ ಹಳೇ ಯಂತ್ರವನ್ನು ವೈರಸ್ ಭಯಕ್ಕೆ ನೆಟ್ಟಿಗೆ ಜೋಡಿಸುವುದೇ ಇಲ್ಲ. ಅಲ್ಲಿ ಡಬ್ಬಿಯೇ ಗತಿ.

ಆ ಅಂಗಡಿಯಲ್ಲಿ ಇನ್ನೊಂದು ಸೋಜಿಗವೂ ಕಣ್ಣಿಗೆ ಬೀಳುತ್ತದೆ. ಕೀಬೋರ್ಡಿನಲ್ಲಿ ಅಕ್ಷರವೇ ಇಲ್ಲ. 'ಪಿ' ಎಂದು ಬರೆದ ಕೀಲಿ ಒತ್ತಿದರೆ ಯುಎಸ್‌ಬಿ ಕೀಬೋರ್ಡ್ ಕಳಿಸುವುದು 19 ಎಂಬ ಸಂಖ್ಯೆಯನ್ನು ಮಾತ್ರ. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರ್. ಕೆ.ಪಿ. ರಾವ್ ವಿನ್ಯಾಸದ ನುಡಿ ಇರುವ ಯಂತ್ರದಲ್ಲಿ 19 ಎಂದರೆ 'ಪ', ಇನ್‌ಸ್ಕ್ರಿಪ್ಟ್ ಇರುವ ಯಂತ್ರದಲ್ಲಿ ಅದೇ 19 'ಜ'. ಸ್ವಿಚ್ ಯಾವ ಕಡೆ ಇದೆ ಎಂದು ನೋಡದೆ ಟೈಪ್ ಮಾಡಿದರೆ 'ಪತ್ರ' ಬರೆಯಲು ಕೂತವರಿಗೆ ಮೊದಲ ಅಕ್ಷರವೇ ಕೈಕೊಡುತ್ತದೆ.

ಇಷ್ಟು ಹೊತ್ತು ನೋಡಿದ್ದು ಯಂತ್ರ ಹೆಚ್ಚು, ಮನುಷ್ಯ ಕಡಿಮೆ ಇರುವ ಕಡೆಯ ಕಥೆ. ಯಂತ್ರ ಕಡಿಮೆ, ಮನುಷ್ಯ ಹೆಚ್ಚು ಇರುವ ಕಡೆ ಇದೇ ಯುಎಸ್‌ಬಿ ಏನು ಮಾಡಿತು ಎಂಬುದು ನಮ್ಮ ರಾಜ್ಯದ ಕಥೆ. ಅದು ಇಲ್ಲಿಯ ಸರ್ಕಾರಿ ಶಾಲೆಗಳಿಂದಲೇ ಹೊರಟಿತು ಎಂಬುದು ನಮ್ಮಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

2005ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟಿನ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಕೆಂಟಾರೊ ಟೊಯಾಮಾ ಅವರ ತಂಡದ ಜೊಯೊಜೀತ್ ಪಾಲ್ ಹಳ್ಳಿ ಶಾಲೆಗಳ ಕಂಪ್ಯೂಟರ್ ಕೋಣೆಗಳನ್ನು ನೋಡಿ ಬಂದರು. ಕಂಡದ್ದು ನಮಗೆಲ್ಲ ಗೊತ್ತಿರುವ ದೃಶ್ಯವೇ. ಒಂದು ಕಂಪ್ಯೂಟರಿಗೆ ಐದಾರು ಮಕ್ಕಳು, ಕೆಲವು ಕಡೆ ಇನ್ನೂ ಹೆಚ್ಚು. ಮೌಸ್ ಮಾತ್ರ ಒಬ್ಬನ ಕೈಯಲ್ಲಿ. ಮಿಕ್ಕವರು ಅವನ ಹೆಗಲ ಮೇಲಿಂದ ಇಣುಕುವವರು. ಆ ಒಬ್ಬ ಯಾರಾಗಿರುತ್ತಾನೆ ಎಂದು ಹಳ್ಳಿಯಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಬೆಂಚಿನವನು, ಊರಲ್ಲಿ ನಡೆಯುವ ಮನೆಯವನು, ಬಹುಪಾಲು ಹುಡುಗ. ಹೆಣ್ಣುಮಕ್ಕಳ ಕೈಗೆ ಮೌಸ್ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಆ ತಂಡ ಹಿಡಿದ ಉಪಾಯ ತೀರಾ ಸರಳ. ಕಂಪ್ಯೂಟರ್ ದುಬಾರಿ, ಮೌಸ್ ಅಗ್ಗ. ಹಾಗಿದ್ದರೆ ಯುಎಸ್‌ಬಿ ಹಬ್ ಹಾಕಿ ಪ್ರತಿ ಮಗುವಿಗೂ ಒಂದು ಮೌಸ್ ಕೊಟ್ಟರಾಯಿತು. ತೊಂದರೆ ವಿಂಡೋಸಿನದು. ಎಷ್ಟು ಮೌಸ್ ಚುಚ್ಚಿದರೂ ಅದು ಎಲ್ಲವನ್ನೂ ಒಂದೇ ಬಾಣಕ್ಕೆ ಕಟ್ಟಿಹಾಕುತ್ತದೆ. ಉದಯ್ ಸಿಂಗ್ ಪವಾರ್ ಪ್ರತಿ ಮೌಸಿಗೂ ಬೇರೆ ಬೇರೆ ಬಣ್ಣದ ಬಾಣ ಬರುವಂತೆ ಸಾಫ್ಟ್‌ವೇರ್ ಬರೆದರು. ಹೆಸರು ಮಲ್ಟಿಮೌಸ್. ಕೆವಿಎಂ ಪೆಟ್ಟಿಗೆ ಒಂದು ಮೌಸನ್ನು ಹಲವು ಕಂಪ್ಯೂಟರಿಗೆ ಹಂಚಿದರೆ, ಇದು ಒಂದು ಕಂಪ್ಯೂಟರನ್ನು ಹಲವು ಮೌಸಿಗೆ ಹಂಚಿತು. 1961ರ ಲೆಕ್ಕವೇ ಮತ್ತೆ, ಈ ಸಲ ಆರನೇ ಏಳನೇ ತರಗತಿಯ ವಯಸ್ಸಿನ ಮಕ್ಕಳ ಕೈಯಲ್ಲಿ.

2007ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಗ್ರಾಮೀಣ ಭಾಗದ ಬಡ ಕುಟುಂಬಗಳ 238 ಮಕ್ಕಳಿದ್ದರು. ಇಂಗ್ಲಿಷ್ ಪದ ಕಲಿಯುವ ಆಟ ಕೊಟ್ಟು, ಒಬ್ಬರಿಗೊಂದು ಕಂಪ್ಯೂಟರ್, ಐವರಿಗೆ ಒಂದೇ ಮೌಸ್, ಐವರಿಗೆ ಐದು ಮೌಸ್ ಹೀಗೆ ಹೋಲಿಸಿದರು. ಒಟ್ಟಾರೆ ನೋಡಿದರೆ ಐದು ಮೌಸ್ ಹಂಚಿಕೊಂಡ ಮಕ್ಕಳು, ಇಡೀ ಕಂಪ್ಯೂಟರ್ ತಮ್ಮೊಬ್ಬರಿಗೇ ಸಿಕ್ಕ ಮಕ್ಕಳಷ್ಟೇ ಪದ ಕಲಿತಿದ್ದರು. ಒಂದು ಯಂತ್ರಕ್ಕೆ ಐದು ಯಂತ್ರದ ಫಲ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸಿದ್ದು ಅದರೊಳಗಿನ ಇನ್ನೊಂದು ಹೋಲಿಕೆ. ಐದು ಮೌಸಿನ ಆಟವನ್ನು ಎರಡು ರೀತಿ ಮಾಡಿದ್ದರು. ಒಂದರಲ್ಲಿ ಮೊದಲು ಸರಿ ಉತ್ತರ ಒತ್ತಿದವರು ಎಲ್ಲರನ್ನೂ ಮುಂದಕ್ಕೆ ಎಳೆದೊಯ್ಯುತ್ತಾರೆ. ಇನ್ನೊಂದರಲ್ಲಿ ಐವರೂ ಸರಿ ಉತ್ತರದ ಮೇಲೆ ಒತ್ತುವವರೆಗೆ ಆಟ ಮುಂದೆ ಹೋಗದು. ಮೌಸ್ ಅವೇ, ಪದ ಅವೇ, ನಿಯಮ ಮಾತ್ರ ಬೇರೆ. ಗಂಡುಮಕ್ಕಳ ಕಲಿಕೆ ಈ ನಿಯಮದ ಮೇಲೆ ಏರುಪೇರಾಯಿತು. ಪೈಪೋಟಿಯ ಆಟದಲ್ಲಿ ಅವರು ಓದುವುದಕ್ಕಿಂತ ಒತ್ತುವುದರಲ್ಲೇ ಮುಳುಗಿದರು. ಹೆಣ್ಣುಮಕ್ಕಳು ಯಾವ ವ್ಯವಸ್ಥೆಯಲ್ಲಿ ಕೂರಿಸಿದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಲಿತರು. ಶಾಲೆಗೆ ಕಂಪ್ಯೂಟರ್ ಎಷ್ಟು ಬಂತು ಎಂದು ಎಣಿಸಿ ಸುದ್ದಿ ಮಾಡುವ ನಮ್ಮಂಥ ವರದಿಗಾರರಿಗೆ ಅದರ ಮುಂದೆ ಯಾರು ಕೂತಿದ್ದಾರೆ, ಯಾವ ನಿಯಮದಲ್ಲಿ ಕೂತಿದ್ದಾರೆ ಎಂದು ಕೇಳುವ ಅಭ್ಯಾಸ ಇಲ್ಲ.

ಮುಂದೆ ಮೈಕ್ರೋಸಾಫ್ಟ್ ಇದನ್ನು ಮಲ್ಟಿಪಾಯಿಂಟ್ ಎಂಬ ಹೆಸರಿನಲ್ಲಿ ಸಾಫ್ಟ್‌ವೇರ್ ಬರೆಯುವವರಿಗೆ ಬಿಟ್ಟುಕೊಟ್ಟಿತು. ಅದೇ ಹೆಸರಿನಲ್ಲಿ, ಒಂದು ಯಂತ್ರಕ್ಕೆ ಹಲವು ಮಾನಿಟರು, ಕೀಬೋರ್ಡು ಜೋಡಿಸುವ ಸರ್ವರನ್ನೂ ಶಾಲೆಗಳಿಗೆಂದು 2010ರಲ್ಲಿ ತಂದಿತು. ವಿಂಡೋಸ್ ಸರ್ವರ್ 2019 ಬರುವ ಹೊತ್ತಿಗೆ ಆ ಸೌಲಭ್ಯವನ್ನು ತೆಗೆದುಹಾಕಿತ್ತು. ಟೊಯಾಮಾ ಮೈಕ್ರೋಸಾಫ್ಟ್ ಬಿಟ್ಟು, ತಂತ್ರಜ್ಞಾನ ಇರುವ ಶಕ್ತಿಯನ್ನೂ ಇರುವ ಕೊರತೆಯನ್ನೂ ಹಿಗ್ಗಿಸುತ್ತದೆಯೇ ಹೊರತು ತಾನಾಗಿ ಏನನ್ನೂ ಸರಿಮಾಡುವುದಿಲ್ಲ ಎಂದು ವಾದಿಸುವ ಪುಸ್ತಕವನ್ನು 2015ರಲ್ಲಿ ಬರೆದರು. ವಿಂಡೋಸ್ ಮಾತ್ರ ತನ್ನ ಹಳೇ ಚಾಳಿ ಬಿಟ್ಟಿಲ್ಲ. ಇವತ್ತು ಯಾವುದೇ ಶಾಲೆಯ ಕಂಪ್ಯೂಟರಿಗೆ ಎರಡು ಮೌಸ್ ಚುಚ್ಚಿ ಇಬ್ಬರು ಮಕ್ಕಳನ್ನು ಕೂರಿಸಿ ನೋಡಿ. ಪರದೆಯ ಮೇಲೆ ಬಾಣ ಒಂದೇ ಇರುತ್ತದೆ, ಇಬ್ಬರೂ ಅದನ್ನೇ ಎಳೆದಾಡುತ್ತಾರೆ.