ಎಲುಬಿನೊಳಗೇ ಔಷಧ ಇಡುವ ರಾಡು, ಮಣಿ, ಸಿಮೆಂಟು: ಏನಿದು? ಬೈಲಹೊಂಗಲ, ಸವದತ್ತಿಯವರಿಗೆ ಯಾಕೆ ಮುಖ್ಯ?

ಕಬ್ಬಿನ ಹಂಗಾಮು ಶುರುವಾದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆ ಚಕ್ಕಡಿ, ಟ್ರ್ಯಾಕ್ಟರ್, ಬೈಕುಗಳ ಸಾಲು. ಕಿತ್ತೂರಿನ ಪಕ್ಕದಲ್ಲೇ ಬೆಂಗಳೂರು–ಪುಣೆ ಹೆದ್ದಾರಿ. ಇಂಥ ಕಡೆ ಬೈಕಿನಿಂದ ಬಿದ್ದರೆ ಮೊಣಕಾಲ ಕೆಳಗಿನ ಎಲುಬು ಚರ್ಮ ಹರಿದುಕೊಂಡು ಹೊರಬರುವ ಅಪಾಯ ಹೆಚ್ಚು. ಆ ಎಲುಬಿನ ಮುಂಭಾಗದಲ್ಲಿ ಮಾಂಸವೇ ಇಲ್ಲ, ಚರ್ಮವಷ್ಟೇ. ಇದನ್ನು ವೈದ್ಯರು 'ಓಪನ್ ಫ್ರ್ಯಾಕ್ಚರ್' ಅಂತಾರೆ. ರಸ್ತೆಯ ಮಣ್ಣು ನೇರವಾಗಿ ಎಲುಬಿಗೆ ತಾಗಿರುತ್ತೆ. ರಾಡು ಹಾಕಿಸಿಕೊಂಡು ಮನೆಗೆ ಬಂದ ಎಷ್ಟೋ ವಾರಗಳ ಮೇಲೆ ಕೀವು ಸುರಿಯಲು ಶುರುವಾಗಬಹುದು.

ಗುಳಿಗೆ, ಇಂಜೆಕ್ಷನ್ ಯಾಕೆ ಸಾಲಲ್ಲ?

ಗುಳಿಗೆ ಇರಲಿ, ಇಂಜೆಕ್ಷನ್ ಇರಲಿ, ಔಷಧವನ್ನು ಹೊತ್ತೊಯ್ಯೋದು ರಕ್ತ. ಪೆಟ್ಟು ಬಿದ್ದು ಸತ್ತ ಎಲುಬಿನ ಚೂರಿಗೆ ರಕ್ತವೇ ಹರಿಯಲ್ಲ. ಇನ್ನೊಂದು ತೊಡಕು ರಾಡಿನದೇ. ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. 'ಬಯೋಫಿಲ್ಮ್' ಎಂಬ ಈ ಪದರದೊಳಗಿನ ಬ್ಯಾಕ್ಟೀರಿಯಾ ಕೊಲ್ಲಲು ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಔಷಧ ಬೇಕು. ಅಷ್ಟನ್ನು ರಕ್ತದ ಮೂಲಕ ಕೊಟ್ಟರೆ ಕಿಡ್ನಿ ಕೆಡಬಹುದು. ಜೆಂಟಾಮೈಸಿನ್ ಆದರೆ ಕಿವಿಯೂ ಹೋಗಬಹುದು.

ಹಾಗಾದರೆ ಏನು ಮಾಡ್ತಾರೆ?

ಔಷಧವನ್ನು ಸೋಂಕಿದ್ದ ಜಾಗದಲ್ಲೇ ಇಡುತ್ತಾರೆ. 1970ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಬುಕ್‌ಹೋಲ್ಟ್ಸ್ ಮತ್ತು ಎಂಗಲ್‌ಬ್ರೆಕ್ಟ್ ಎಂಬ ವೈದ್ಯರು, ಕೃತಕ ಸೊಂಟದ ಕೀಲು ಕೂರಿಸುವ ಬೋನ್ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದ ಫಲಿತಾಂಶ ಪ್ರಕಟಿಸಿದರು. ಈ ಸಿಮೆಂಟು ಒಂದು ಬಗೆಯ ಅಕ್ರಿಲಿಕ್. ಪುಡಿ ಮತ್ತು ದ್ರವ ಕಲಸಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ಗಟ್ಟಿಯಾಗುತ್ತೆ. ಆ ಬಿಸಿ ತಡೆಯಬಲ್ಲ ಜೆಂಟಾಮೈಸಿನ್, ಟೊಬ್ರಾಮೈಸಿನ್, ವ್ಯಾಂಕೊಮೈಸಿನ್‌ನಂಥ ಔಷಧಗಳನ್ನೇ ಬಳಸಬೇಕು. ಅದೇ ದಶಕದಲ್ಲಿ ಇದೇ ಸಿಮೆಂಟಿನ ಮಣಿಗಳನ್ನು ಉಕ್ಕಿನ ತಂತಿಗೆ ಪೋಣಿಸಿ ಎಲುಬಿನ ಪೊಳ್ಳಿನಲ್ಲಿ ಇಡುವ ವಿಧಾನ ಬಂತು.

ರಾಡಿಗೂ ಸಿಮೆಂಟು ಮೆತ್ತಬಹುದು. ಎದೆಯಿಂದ ನೀರು ತೆಗೆಯಲು ಬಳಸುವ ಪ್ಲಾಸ್ಟಿಕ್ ನಳಿಕೆಯನ್ನೇ ಅಚ್ಚು ಮಾಡಿಕೊಂಡು, ಔಷಧ ಬೆರೆತ ಸಿಮೆಂಟು ತುಂಬಿ, ನಡುವೆ ರಾಡು ಕೂರಿಸುತ್ತಾರೆ. ಗಟ್ಟಿಯಾದ ಮೇಲೆ ನಳಿಕೆ ಸೀಳಿ ತೆಗೆಯುತ್ತಾರೆ. ಎಲ್ಲವೂ ಆಪರೇಷನ್ ಥಿಯೇಟರ್‌ನಲ್ಲೇ ಆಗುವ ಕೆಲಸ. ಹೀಗೆ ಒಂದೇ ರಾಡು ಎಲುಬಿಗೆ ಆಧಾರವೂ ಆಗುತ್ತೆ, ಔಷಧವನ್ನೂ ಬಿಡುತ್ತೆ. ಯುರೋಪಿನಲ್ಲಿ ಔಷಧ ಲೇಪಿಸಿದ ಸಿದ್ಧ ಟೈಟಾನಿಯಂ ರಾಡುಗಳೂ ಬಂದಿವೆ.

ಇದರ ಮಿತಿ ಏನು?

ಸಿಮೆಂಟು ಕರಗಲ್ಲ. ಮೊದಲ ಕೆಲವು ದಿನ ಔಷಧ ಜೋರಾಗಿ ಹೊರಬಂದು, ಆಮೇಲೆ ಜಿನುಗುತ್ತೆ. ಹೆಚ್ಚಿನ ಪಾಲು ಒಳಗೇ ಉಳಿಯುತ್ತೆ. ಆ ಜಿನುಗುವ ಅಲ್ಪ ಪ್ರಮಾಣಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವ ಅಪಾಯವಿದೆ. ಹಾಗಾಗಿ ಮಣಿಗಳನ್ನು ಹೊರತೆಗೆಯಲು ಸಾಮಾನ್ಯವಾಗಿ ಎರಡನೇ ಆಪರೇಷನ್ ಬೇಕು. ಕ್ಯಾಲ್ಸಿಯಂ ಸಲ್ಫೇಟ್ ಮಣಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಶುದ್ಧ ರೂಪ, ವಾರಗಳಲ್ಲಿ ತಾನೇ ಕರಗುತ್ತೆ. ಆದರೆ ಕೆಲವರಿಗೆ ಗಾಯದಿಂದ ನೀರು ಸೋರುತ್ತೆ. ಯಾವುದನ್ನೇ ಇಟ್ಟರೂ ಗಾಯ ತೊಳೆದು, ಸತ್ತ ಎಲುಬು ಕೆತ್ತಿ ತೆಗೆಯದಿದ್ದರೆ ಉಪಯೋಗವಿಲ್ಲ.

ಯೋಜನೆಗಳ ದಿನದ ಲೆಕ್ಕ

ಇಲ್ಲಿಂದ ಇದು ರಾಜಕೀಯದ ಪ್ರಶ್ನೆ. ಕರ್ನಾಟಕ 2016ರಲ್ಲಿ ತಂದ ಹರೀಶ್ ಸಾಂತ್ವನ ಯೋಜನೆ ಅಪಘಾತದ ನಂತರದ 48 ಗಂಟೆಗೆ, 25,000 ರೂಪಾಯಿವರೆಗೆ ಅಂತ ರೂಪಿಸಿದ್ದು. ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ 2025ರ ಮೇ 5ರಿಂದ ಜಾರಿಯಲ್ಲಿದೆ. ಅದು 1.5 ಲಕ್ಷ ರೂಪಾಯಿವರೆಗೆ, ಅಪಘಾತವಾದ 7 ದಿನಗಳವರೆಗೆ ಮಾತ್ರ. ಎರಡೂ ಜೀವ ಉಳಿಸಲು ಅಗತ್ಯ. ಆದರೆ ಎಲುಬಿನ ಸೋಂಕು ಎಷ್ಟೋ ಸಲ ಕಾಣಿಸಿಕೊಳ್ಳೋದೇ 7 ದಿನ ಕಳೆದ ಮೇಲೆ. ಅದಕ್ಕೆ ಸಾಮಾನ್ಯವಾಗಿ 6 ವಾರ ಆ್ಯಂಟಿಬಯಾಟಿಕ್ ಬೇಕು, ಜೊತೆಗೆ ಎರಡು–ಮೂರು ಆಪರೇಷನ್.

ಮತ್ತೆ ದಾಖಲಾದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ ನಿಜ. ಆದರೆ ಆಯುಷ್ಮಾನ್ ನಿಯಮದಲ್ಲಿ ಡಿಸ್ಚಾರ್ಜ್ ನಂತರದ ಖರ್ಚು ಸಿಗೋದು 15 ದಿನಕ್ಕೆ. ತಿಂಗಳುಗಟ್ಟಲೆ ತಪ್ಪುವ ಕೂಲಿಗೆ, ರಾಮದುರ್ಗದಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಮುರಿದ ಕಾಲಿಟ್ಟುಕೊಂಡು ಓಡಾಡುವ ಗಾಡಿ ಬಾಡಿಗೆಗೆ ಲೆಕ್ಕವೇ ಇಲ್ಲ. ಮಣಿ ತೆಗೆಸುವ ಎರಡನೇ ಆಪರೇಷನ್ ಮುಂದೂಡೋಕೆ ಇಷ್ಟು ಕಾರಣ ಸಾಕು.

ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಎರಡೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಈ ಚಿಕಿತ್ಸೆಯಲ್ಲಿ ಕೈಗೆಟುಕದ್ದು ಔಷಧವಲ್ಲ, ಸಮಯ. ಹಾಗಾಗಿ ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆಗಳ ಬಗ್ಗೆ, ಹೊಸ ತಾಲ್ಲೂಕು ಕಿತ್ತೂರಿನ ಬಗ್ಗೆ ಶಾಸಕರನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ಓಪನ್ ಫ್ರ್ಯಾಕ್ಚರ್ ಬಂದರೆ ಮೊದಲ ಆ್ಯಂಟಿಬಯಾಟಿಕ್ ಡೋಸು ಗಂಟೆಯೊಳಗೆ ಸಿಗುತ್ತಾ, ಬೆಳಗಾವಿಗೆ ಕಳಿಸುವ ಮುನ್ನವೇ? ಆಪರೇಷನ್ ಆದವರ ಗಾಯ ನೋಡಲು ಎಲುಬಿನ ತಜ್ಞರು ತಾಲ್ಲೂಕಿನಲ್ಲೇ ಸಿಗ್ತಾರಾ? ಅಪಘಾತದ ಯೋಜನೆಯನ್ನು ದಿನದ ಲೆಕ್ಕ ಬಿಟ್ಟು ಎಲುಬು ಕೂಡುವವರೆಗೆ ವಿಸ್ತರಿಸಲು ಯಾವಾಗ ಒತ್ತಾಯಿಸ್ತೀರಿ?